ಗಿಟಾರ್ ಫೀಡ್‌ಬ್ಯಾಕ್ ಹಿಡಿತಕ್ಕೆ ತರೋದು ಹೇಗೆ? ಅನುಭವ ಇದ್ದವರು ಹೇಳಿ

ಪ್ರಶ್ನೆ: ಸ್ಪೀಕರ್ ಸದ್ದೇ ತಂತಿಯನ್ನು ಮತ್ತೆ ಅದುರಿಸಿ ನೋಟ್ ನಿಲ್ಲದೆ ಮೊಳಗುತ್ತಲ್ಲ, ಆ ಫೀಡ್‌ಬ್ಯಾಕ್ ನನಗೆ ಬೇಕು. ಮನೆಯಲ್ಲಿರುವುದು 10 ವ್ಯಾಟ್‌ನ ಪ್ರಾಕ್ಟೀಸ್ ಆಂಪ್ (ಸ್ಪೀಕರ್ ಇರುವ ಪುಟ್ಟ ಆಂಪ್ಲಿಫೈಯರ್). ಗೇನ್ (ಗಿಟಾರ್ ಸಿಗ್ನಲ್ ಹೆಚ್ಚಿಸುವ ನಾಬ್) ಏರಿಸಿದರೆ ಒಂದೋ ಏನೂ ಬರಲ್ಲ, ಇಲ್ಲಾ ಕಿವಿ ಸೀಳುವ ಹಾಗೆ ಕಿರುಚುತ್ತೆ. ನೋಟ್ ಎಳೆದುಕೊಂಡು ನಿಲ್ಲಬೇಕು. ಜ್ಯಾಮ್ ರೂಮ್‌ನಲ್ಲಿ (ಬ್ಯಾಂಡ್ ಅಭ್ಯಾಸದ ಕೋಣೆ), ಕಂಪ್ಯೂಟರ್‌ನಲ್ಲಿ ನುಡಿಸುವವರೂ ತಿಳಿಸಿ.

ಉತ್ತರ: ಮೊದಲು ಆ ಕಿರುಚಾಟ ಎಲ್ಲಿಂದ ಅಂತ ನೋಡಿ. ತಂತಿಗಳನ್ನೆಲ್ಲ ಅಂಗೈಯಲ್ಲಿ ಒತ್ತಿ ಹಿಡಿಯಿರಿ. ಆಗಲೂ ನಿಲ್ಲದಿದ್ದರೆ ಅದು ತಂತಿಯದ್ದಲ್ಲ. ಹೆಚ್ಚಾಗಿ ಪಿಕಪ್ (ತಂತಿಯ ಅದುರನ್ನು ಸಿಗ್ನಲ್ ಮಾಡುವ ಭಾಗ) ಒಳಗಿನ ಕಾಯಿಲ್ ಸಡಿಲವಾಗಿ ಅದುರುತ್ತಿರುತ್ತದೆ. ಅದಕ್ಕೆ ಮೇಣ ತುಂಬಿಸಬೇಕು, ಗಿಟಾರ್ ರಿಪೇರಿಯವರು ಮಾಡಿಕೊಡುತ್ತಾರೆ.

ಇನ್ನು, ನನ್ನ ಅನುಭವದಲ್ಲಿ ಗೇನ್‌ಗಿಂತ ನಿಲ್ಲುವ ಜಾಗ ಮುಖ್ಯ. ಸ್ಪೀಕರ್ ಸದ್ದು ತಂತಿಯನ್ನು ಸರಿಯಾದ ಹೊತ್ತಿಗೆ ತಳ್ಳಬೇಕು, ಉಯ್ಯಾಲೆ ತಳ್ಳಿದ ಹಾಗೆ. 440 ಹರ್ಟ್ಸ್‌ನ ಎ ನೋಟ್‌ನ ಅಲೆ ಸುಮಾರು 78 ಸೆಂ.ಮೀ. ಉದ್ದ. ಹಾಗಾಗಿ 40 ಸೆಂ.ಮೀ. ಹಿಂದೆ ಸರಿದರೂ ಸಾಕು, ತಳ್ಳುತ್ತಿದ್ದ ಸದ್ದೇ ತಡೆಯತೊಡಗುತ್ತದೆ. 1977ರಲ್ಲಿ ಡೇವಿಡ್ ಬೋವಿಯ ‘ಹೀರೋಸ್’ ಹಾಡಿಗೆ ನುಡಿಸುವಾಗ ಗಿಟಾರ್ ವಾದಕ ರಾಬರ್ಟ್ ಫ್ರಿಪ್ ಯಾವ ನೋಟ್‌ಗೆ ಎಲ್ಲಿ ನಿಲ್ಲಬೇಕು ಅಂತ ನೆಲದ ಮೇಲೆ ಗುರುತು ಮಾಡಿಕೊಂಡಿದ್ದರು. ನೀವೂ ಟೇಪ್ ಅಂಟಿಸಿ. ನಿಜಕ್ಕೂ ಕೆಲಸ ಮಾಡುತ್ತದೆ.

ಜ್ಯಾಮ್ ರೂಮ್‌ನ ವಾಲ್ವ್ ಆಂಪ್‌ನಲ್ಲಿ ಗೇನ್ ಅರ್ಧಕ್ಕೆ ಇಟ್ಟು ಮಾಸ್ಟರ್ ವಾಲ್ಯೂಮ್ (ಒಟ್ಟು ಸದ್ದು) ಏರಿಸಿ. ನಾಯ್ಸ್ ಗೇಟ್ (ಸಣ್ಣ ಸದ್ದನ್ನು ತಡೆಯುವ ಸಾಧನ) ಆಫ್ ಮಾಡಿ, ಅದು ಏಳುವ ಫೀಡ್‌ಬ್ಯಾಕನ್ನೇ ಕತ್ತರಿಸಿಬಿಡುತ್ತದೆ. ಬೇಕಾದ ತಂತಿ ಬಿಟ್ಟು ಉಳಿದವನ್ನು ಎರಡೂ ಕೈಯಿಂದ ಮ್ಯೂಟ್ ಮಾಡಿ. ಮೀಟಿ, ಸ್ಪೀಕರ್ ಕಡೆ ತಿರುಗಿ, ಸ್ವಲ್ಪ ಕಾಯಿರಿ. ನೋಟ್ ಊದಿಕೊಳ್ಳುವುದು ಕೈಗೇ ಗೊತ್ತಾಗುತ್ತದೆ. ಆಗ ಗಿಟಾರ್‌ನ ವಾಲ್ಯೂಮ್ ನಾಬ್ ಅನ್ನು ಕಿರುಬೆರಳಲ್ಲಿ 10ರಿಂದ 7ಕ್ಕೆ ಇಳಿಸಿ. ಹಿಡಿತ ಅಂದರೆ ಇದೇ.

ನಿಮ್ಮ ಚಿಕ್ಕ ಆಂಪ್‌ಗೆ ಬೇರೆ ದಾರಿ ಇದೆ. ಅದನ್ನು ಮೇಜಿನ ಮೇಲಿಟ್ಟು ಗಿಟಾರ್‌ನ ಹೆಡ್‌ಸ್ಟಾಕ್ (ತಂತಿ ಬಿಗಿಸುವ ಕಿವಿಗಳಿರುವ ತಲೆ) ತುದಿಯನ್ನು ಪೆಟ್ಟಿಗೆಯ ಮರಕ್ಕೆ ಮೆಲ್ಲಗೆ ತಾಗಿಸಿ. ಅದುರು ಮರದಿಂದ ಮರಕ್ಕೆ ಸಾಗಿ ತಂತಿಗೆ ತಲುಪುತ್ತದೆ, ಜೋರು ಸದ್ದು ಬೇಕಾಗಲ್ಲ. ಸ್ವಲ್ಪ ಒತ್ತಿದರೆ ನೋಟ್ ಏಳುತ್ತದೆ, ಎತ್ತಿದರೆ ಆರುತ್ತದೆ. ಪಕ್ಕದ ಮನೆಯವರೂ ಬೈಯಲ್ಲ.

ಇನ್ನೊಬ್ಬರು: ಹೆಡ್‌ಫೋನ್‌ನಲ್ಲಿ ಸುಮ್ನೆ ಒದ್ದಾಡಬೇಡಿ, ಸದ್ದು ತಂತಿಗೆ ಮುಟ್ಟುವುದೇ ಇಲ್ಲ ಅಲ್ವಾ? ಅಲ್ಲಿ ಇ-ಬೋ ಒಳ್ಳೆಯದು. ಬ್ಯಾಟರಿಯಲ್ಲಿ ನಡೆಯುವ ಪುಟ್ಟ ಸಾಧನ, ಆಯಸ್ಕಾಂತದ ಬಲದಿಂದ ಒಂದು ಸಲಕ್ಕೆ ಒಂದು ತಂತಿಯನ್ನು ಅದುರಿಸುತ್ತಲೇ ಇರುತ್ತದೆ. ಸ್ಟುಡಿಯೊ ಮಾನಿಟರ್ (ರೆಕಾರ್ಡಿಂಗ್‌ಗೆ ಬಳಸುವ ಸ್ಪೀಕರ್) ಇದ್ದರೆ ನಿಜವಾದ ಫೀಡ್‌ಬ್ಯಾಕೇ ಸಿಗುತ್ತದೆ, ಹತ್ತಿರ ಹೋಗಬೇಕು ಅಷ್ಟೇ. ಕಂಪ್ಯೂಟರ್ 5 ಮಿಲಿಸೆಕೆಂಡ್ ತಡ ಮಾಡಿದರೆ ನೀವು ಸುಮಾರು 1.7 ಮೀಟರ್ ಹಿಂದೆ ನಿಂತ ಲೆಕ್ಕ. ಅದಕ್ಕೇ ಈ ತಡವನ್ನು ಹೆಚ್ಚು ಕಡಿಮೆ ಮಾಡುವ ಬಫರ್ ಸೆಟ್ಟಿಂಗ್ ಬದಲಾದರೆ ನಿಲ್ಲುವ ಜಾಗವೂ ಬದಲಾಗುತ್ತದೆ.

ಮತ್ತೊಬ್ಬರು: ಜ್ಯಾಮ್ ರೂಮ್‌ಗೆ ಇಯರ್‌ಪ್ಲಗ್ ಇಲ್ಲದೆ ಹೋಗಬೇಡಿ. ದಿನಕ್ಕೆ 8 ಗಂಟೆ ತಡೆಯಬಹುದಾದ ಮಿತಿ 85 ಡೆಸಿಬೆಲ್. 100 ಆದರೆ ಕಾಲು ಗಂಟೆ ಅಷ್ಟೇ.