ಮನೆಯಿಂದಲೇ ಪ್ರೊಫೆಷನಲ್ ಕಮ್ಯುನಿಕೇಶನ್ ಮಾಸ್ಟರ್ಸ್: ಓದಿದವರು ಸ್ವಲ್ಪ ಹೇಳಿ

ಪ್ರಶ್ನೆ, ಹಾಸನದಿಂದ:
ಎಲ್ಲರಿಗೂ ನಮಸ್ಕಾರ. ಇಲ್ಲಿನ ಒಂದು ಖಾಸಗಿ ಆಸ್ಪತ್ರೆಯ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ಪತ್ರ, ನೋಟಿಸು, ರೋಗಿಗಳ ಕೈಗೆ ಕೊಡುವ ಸೂಚನೆ ಎಲ್ಲ ಬರೆಯುವುದು ನಾನೇ. ಪ್ರೊಫೆಷನಲ್ ಕಮ್ಯುನಿಕೇಶನ್, ಅಂದರೆ ಕೆಲಸದ ಬರವಣಿಗೆ, ಮಾತುಕತೆ ಕಲಿಸುವ, ಅಮೆರಿಕದ ಯೂನಿವರ್ಸಿಟಿಯೊಂದರ ಆನ್‌ಲೈನ್ ಮಾಸ್ಟರ್ಸ್ ನೋಡಿಟ್ಟಿದ್ದೇನೆ. ಹತ್ತನೇ ಕ್ಲಾಸಿನವರೆಗೆ ಓದಿದ್ದು ಕನ್ನಡ ಮೀಡಿಯಂ, ಮಗನಿಗೆ ನಾಲ್ಕು ವರ್ಷ. ಇಂಗ್ಲಿಷ್ ಸಾಕಾಗುತ್ತಾ? ಟೈಮ್ ಸಿಗುತ್ತಾ? ಈ ಡಿಗ್ರಿಗೆ ಇಲ್ಲಿ ಬೆಲೆ ಇದೆಯಾ?

ಮೂಡಿಗೆರೆಯಿಂದ:
ಮೇಡಂ, ಇದೇ ಥರದ ಕೋರ್ಸನ್ನು ನಾನು ಎರಡೂವರೆ ವರ್ಷದಲ್ಲಿ ಮುಗಿಸಿದೆ. ಕಾಫಿ ಬೆಳೆಗಾರರ ಒಂದು ಸಂಘದಲ್ಲಿ ಕೆಲಸ ಮಾಡುತ್ತಲೇ ಓದಿದ್ದು. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ, ಇದು ವಿಡಿಯೋ ನೋಡಿ ಪರೀಕ್ಷೆ ಬರೆಯುವ ಓದಲ್ಲ. ಪ್ರತಿ ವಾರ ಬರೆಯಬೇಕು, ಬೇರೆಯವರು ಬರೆದದ್ದನ್ನು ಓದಿ ಉತ್ತರ ಕೊಡಬೇಕು, ನಮ್ಮದನ್ನು ತಿದ್ದಿ ಮತ್ತೆ ಕಳಿಸಬೇಕು. ಒಂದು ಪೇಪರಿಗೆ ವಾರಕ್ಕೆ ಹತ್ತು ಗಂಟೆ ಹಿಡಿಯುತ್ತಿತ್ತು. ಇಂಥ ಕೋರ್ಸುಗಳು ಸಾಮಾನ್ಯವಾಗಿ 30ರಿಂದ 36 ಕ್ರೆಡಿಟ್, ಅಂದರೆ ಹತ್ತು ಹನ್ನೆರಡು ಪೇಪರು. ಕೆಲಸದ ಜೊತೆಗೆ ಒಂದು ಸಲಕ್ಕೆ ಒಂದೇ ಪೇಪರ್ ತಗೊಳ್ಳಿ, ಎರಡು ತಗೊಂಡು ನಾನು ಒಂದನ್ನು ಬಿಡಬೇಕಾಯಿತು.

ಇಂಗ್ಲಿಷಿನ ಬಗ್ಗೆ ಹೆದರಬೇಡಿ. ನಾನೂ ಕನ್ನಡ ಮೀಡಿಯಂ. ಅಲ್ಲಿ ಅವರು ಕೇಳುವುದು ಚಿಕ್ಕ ವಾಕ್ಯ, ನೇರ ಮಾತು. ಕಷ್ಟವಾಗಿದ್ದು ಇನ್ನೊಂದು. ಯಾವ ಮಾತು ಯಾವ ಪುಸ್ತಕದಿಂದ ಬಂತು ಅಂತ ಪ್ರತಿ ಸಲ ಎಪಿಎ ಅನ್ನುವ ನಿಗದಿತ ಕ್ರಮದಲ್ಲಿ ತೋರಿಸುವುದು ನಮಗೆ ಯಾರೂ ಕಲಿಸಿಲ್ಲ ಅಲ್ವಾ, ಅದಕ್ಕೇ ಮೊದಲ ಎರಡು ತಿಂಗಳು ಹೋಯಿತು.

ನನಗೆ ಕೋರ್ಸು ಕೈಹಿಡಿದದ್ದು ನಮ್ಮ ಕೆಲಸವನ್ನೇ ಅಸೈನ್‌ಮೆಂಟ್ ಮಾಡಿದ ಮೇಲೆ. ಟೆಕ್ನಿಕಲ್ ರೈಟಿಂಗ್ ಪೇಪರಿಗೆ ಬೋರ್ಡೋ ದ್ರಾವಣದ, ಅಂದರೆ ಗಿಡಕ್ಕೆ ಬರುವ ಶಿಲೀಂಧ್ರ ರೋಗಕ್ಕೆ ಹೊಡೆಯುವ ಔಷಧಿಯ, ಕರಪತ್ರ ತಗೊಂಡೆ. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ಎರಡನ್ನೂ ಬೇರೆ ಬೇರೆ ಕರಗಿಸಿ ಬೆರೆಸುವುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಚಾಕು ಅದ್ದಿ ನೋಡಿ, ತಾಮ್ರದ ಬಣ್ಣ ಹತ್ತಿದರೆ ಇನ್ನೂ ಸುಣ್ಣ ಹಾಕಬೇಕು ಅನ್ನುವ ಮಾತು ನಮ್ಮ ಕರಪತ್ರದಲ್ಲಿ ಎಲ್ಲಿತ್ತು ಗೊತ್ತಾ? ಕೊನೆಯ ಸಾಲಿನಲ್ಲಿ, ಸಿಂಪಡಿಸುವ ವಿಧಾನ ಎಲ್ಲ ಮುಗಿದ ಮೇಲೆ! ಓದುತ್ತಾ ಕೆಲಸ ಮಾಡುವವನು ಅಷ್ಟು ಹೊತ್ತಿಗೆ ಗಿಡಕ್ಕೆ ಹೊಡೆದು ಮುಗಿಸಿರುತ್ತಾನೆ. ಒಂದು ಹೆಜ್ಜೆಗೆ ಒಂದೇ ಕೆಲಸ, ಎಚ್ಚರಿಕೆ ಆ ಹೆಜ್ಜೆಗೂ ಮೊದಲು, ಇಷ್ಟೇ ನಿಯಮ. ತೋಟಕ್ಕೆ ಅಸ್ಸಾಮಿನಿಂದ ಬಂದವರಿಗೆ ಕನ್ನಡ ಓದಲು ಬರುವುದಿಲ್ಲ, ಅವರಿಗಾಗಿ ಚಿತ್ರ ಬರೆಸಿದೆ. ಆ ಹಾಳೆ ಈಗಲೂ ನಮ್ಮ ಗೋದಾಮಿನ ಗೋಡೆಯ ಮೇಲಿದೆ. ನಿಮ್ಮ ಹತ್ತಿರ ರೋಗಿಗಳ ಸೂಚನೆಗಳಿವೆ, ಅದಕ್ಕಿಂತ ಒಳ್ಳೆಯ ಸರಕು ಬೇಕಾ?

ಹಾಸನದಿಂದ, ಕಾಲೇಜು ಉಪನ್ಯಾಸಕ:
ಬೆಲೆಯ ಪ್ರಶ್ನೆಗೆ ನಾನು ಹೇಳುತ್ತೇನೆ. ಮಾನ್ಯತೆ ಪಡೆದ ಸಂಸ್ಥೆಗಳು ಕೊಡುವ ದೂರ ಶಿಕ್ಷಣದ ಮತ್ತು ಆನ್‌ಲೈನ್ ಡಿಗ್ರಿ, ರೆಗ್ಯುಲರ್ ಡಿಗ್ರಿಗೆ ಸಮ ಅಂತ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2022ರಲ್ಲಿ ಸ್ಪಷ್ಟ ಮಾಡಿದೆ. ಆದರೆ ಅದು ನಮ್ಮ ದೇಶದ ಸಂಸ್ಥೆಗಳ ಮಾತು. ಹೊರದೇಶದ ಡಿಗ್ರಿಗೆ ಸಮಾನತೆ, ಅಂದರೆ ಅದನ್ನು ಇಲ್ಲಿನ ಡಿಗ್ರಿಗೆ ಸಮ ಅಂತ ಒಪ್ಪುವುದು, ಬೇರೆಯೇ ವಿಷಯ. ಮುಂದೆ ಸರ್ಕಾರಿ ಕೆಲಸ, ಪಿಎಚ್‌ಡಿ ಅಂತ ಮನಸ್ಸಿದ್ದರೆ ಫೀಸು ಕಟ್ಟುವ ಮೊದಲೇ ಬರಹದಲ್ಲಿ ಕೇಳಿಕೊಳ್ಳಿ. ನನ್ನ ತಂಗಿ ಹೊರದೇಶದ ಒಂದು ಡಿಗ್ರಿ ಮುಗಿಸಿದ ಮೇಲೆ ಕೇಳಿದಳು, ಆಗ ತಡವಾಗಿತ್ತು. ಕಡಿಮೆ ಖರ್ಚಿನದು ಬೇಕಾದರೆ ಇಗ್ನೋದ (ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯ) ಪತ್ರಿಕೋದ್ಯಮ ಮತ್ತು ಸಮೂಹ ಸಂವಹನ ಎಂ.ಎ. ಇದೆ, ಆದರೆ ಅದು ಪತ್ರಿಕೋದ್ಯಮದ ಓದು, ಆಫೀಸಿನ ಬರವಣಿಗೆಗೆ ಅಷ್ಟು ಹೊಂದಲ್ಲ.

ಚಿಕ್ಕಮಗಳೂರಿನಿಂದ:
ನನ್ನದು ಈಗ ನಾಲ್ಕನೇ ಪೇಪರ್, ಮಗಳಿಗೆ ಐದು ವರ್ಷ. ಅಸೈನ್‌ಮೆಂಟ್ ಕಳಿಸುವ ಗಡುವು ಅಮೆರಿಕದ ಪೂರ್ವ ಭಾಗದ ರಾತ್ರಿ 11.59, ಅಂದರೆ ನಮಗೆ ಮರುದಿನ ಬೆಳಿಗ್ಗೆ 9.29. ನವೆಂಬರ್ ಮೊದಲ ಭಾನುವಾರ ಅವರು ಗಡಿಯಾರ ಹಿಂದಕ್ಕೆ ತಿರುಗಿಸುತ್ತಾರೆ, ಆಮೇಲೆ 10.29. ನನಗಂತೂ ಇದು ವರ. ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಕೂತರೆ ಮಗಳು ಏಳುವಷ್ಟರಲ್ಲಿ ಎರಡು ಗಂಟೆ ಸಿಗುತ್ತೆ. ಗ್ರೂಪ್ ಕೆಲಸ ಮಾತ್ರ ನಡುರಾತ್ರಿಗೆ ಬರುತ್ತೆ. ಸೇರುವ ಮೊದಲು ಲೈವ್ ಕ್ಲಾಸು ಎಷ್ಟು, ಗ್ರೂಪ್ ಕೆಲಸ ಎಷ್ಟು ಅಂತ ಖಂಡಿತ ಕೇಳಿ. ಮಳೆಗಾಲದಲ್ಲಿ ಕರೆಂಟು ಹೋದರೆ ಬರಲ್ಲ, ಹಾಗಾಗಿ ಜೂನ್‌ನಿಂದ ಆಗಸ್ಟ್‌ವರೆಗೆ ನಾನು ಎರಡು ದಿನ ಮೊದಲೇ ಕಳಿಸಿಬಿಡುತ್ತೇನೆ.

ಇನ್ನೊಂದು, ಆಸ್ಪತ್ರೆಯವರಾದ್ದರಿಂದ ಹೇಳುತ್ತಿದ್ದೇನೆ. ಕ್ರೈಸಿಸ್ ಕಮ್ಯುನಿಕೇಶನ್, ಅಂದರೆ ಬಿಕ್ಕಟ್ಟಿನ ಹೊತ್ತಲ್ಲಿ ಜನರಿಗೆ ಹೇಗೆ ಹೇಳಬೇಕು ಅನ್ನುವ ಪೇಪರ್ ಇದ್ದರೆ ಬಿಡಬೇಡಿ. 1982ರಲ್ಲಿ ಶಿಕಾಗೋ ಸುತ್ತಮುತ್ತ ಟೈಲೆನಾಲ್ ಅನ್ನುವ ನೋವಿನ ಕ್ಯಾಪ್ಸೂಲ್ ಮಾತ್ರೆಯಲ್ಲಿ ಯಾರೋ ಸೈನೈಡ್ ಬೆರೆಸಿ ಏಳು ಜನ ಸತ್ತರು. ಕಂಪನಿ ಸುಮಾರು 3.1 ಕೋಟಿ ಬಾಟಲಿ ವಾಪಸ್ ತರಿಸಿಕೊಂಡಿತು, ಮಾತ್ರೆ ತಗೋಬೇಡಿ ಅಂತ ಜನರಿಗೆ ತಾನೇ ಹೇಳಿತು. ಅದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸಮಾನತೆಯ ಬಗ್ಗೆ ಇವತ್ತೇ ಇಮೇಲ್ ಹಾಕಿದೆ. ಮೂಡಿಗೆರೆಯವರೇ, ನಮ್ಮ ಸಕ್ಕರೆ ಕಾಯಿಲೆ ಸೂಚನೆಯ ಹಾಳೆ ತೆಗೆದು ನೋಡಿದೆ. ಇನ್ಸುಲಿನ್ ಫ್ರಿಜ್ಜಿನಲ್ಲಿಡಿ, ಫ್ರೀಜರ್‌ನಲ್ಲಿ ಇಡಬೇಡಿ ಅನ್ನುವುದು ಎರಡನೇ ಪುಟದ ಕೊನೆಯಲ್ಲಿದೆ. ನಾಳೆ ಅದನ್ನು ಮೇಲೆ ತರುತ್ತೇನೆ.