ಸಣ್ಣ ಹಾಯಿದೋಣಿಗೆ ಡೀಸೆಲ್ ಬಿಸಿನೀರಿನ ಹೀಟರ್: ಹಾಕಿಸಿಕೊಂಡವರು ಏನಂತೀರಿ?

ಕೇಳಿದವರು, ಓಬನ್

ನಮಸ್ಕಾರ. ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯಲ್ಲಿ ನಮ್ಮದೊಂದು 31 ಅಡಿಯ ಫೈಬರ್ ಹಾಯಿದೋಣಿ ಇದೆ. ಡೀಸೆಲ್ ಎಂಜಿನ್, 12 ವೋಲ್ಟ್, 110 ಆಂಪ್-ಅವರ್‌ನ ಎರಡು ಬ್ಯಾಟರಿ. ಇಲ್ಲಿ ಮೇ ತಿಂಗಳಲ್ಲೂ ರಾತ್ರಿ ಚಳಿ ಬಿಡುವುದಿಲ್ಲ. ಬೆಳಗ್ಗೆ ಎದ್ದರೆ ಕಿಟಕಿಯಿಂದ ನೀರು ಇಳಿಯುತ್ತಿರುತ್ತದೆ, ಹಾಸಿಗೆಯ ಅಡಿಯೆಲ್ಲ ಒದ್ದೆ. ಹೀಟರ್ ಹಾಕಿಸದಿದ್ದರೆ ಮುಂದಿನ ಸಲ ನೀವೊಬ್ಬರೇ ಹೋಗಿ ಅಂತ ಮನೆಯವಳು ಹೇಳಿಬಿಟ್ಟಿದ್ದಾಳೆ.

ಡೀಸೆಲ್‌ನಲ್ಲಿ ನೀರು ಕಾಯಿಸಿ, ಅದನ್ನು ಪೈಪಿನಲ್ಲಿ ಸುತ್ತಿಸಿ ರೇಡಿಯೇಟರ್‌ಗೆ ಕೊಡುವ ಪದ್ಧತಿ ಹಾಕೋಣ ಅಂತಿದ್ದೇನೆ. ಅದರಿಂದಲೇ ಸ್ನಾನಕ್ಕೂ ಬಿಸಿನೀರು ಸಿಗುತ್ತದಲ್ವಾ. ಅಂಗಡಿಯವರು ತೋರಿಸುವುದೆಲ್ಲ 5 ಕಿಲೋವ್ಯಾಟ್‌ದು. ಅಷ್ಟು ಬೇಕಾ? ಬ್ಯಾಟರಿ ತಡೆಯುತ್ತಾ? ನಾನೇ ಕೂತು ಹಾಕಬಹುದಾ, ಇಲ್ಲ ಕೆಲಸದವರನ್ನೇ ಕರೆಸಬೇಕಾ? ನಿಮ್ಮ ಅನುಭವ ಹೇಳಿ.

ನ್ಯಾರೋಬೋಟ್ ವಾಸಿ, ವಿಲ್ಟ್‌ಶೈರ್

ಸರ್, ನಾವು ಕೆನೆಟ್ ಅಂಡ್ ಏವನ್ ಕಾಲುವೆಯಲ್ಲಿ ನ್ಯಾರೋಬೋಟ್ ಅನ್ನುವ ಉದ್ದನೆಯ, ಕಿರಿದಾದ ದೋಣಿಯಲ್ಲೇ ವರ್ಷಪೂರ್ತಿ ಇರುವವರು. ಈ ಹೀಟರ್ ಜೊತೆ ದಿನಾ ಏಗುತ್ತೇವೆ. ಹೀಟರ್ ಎಷ್ಟು ದೊಡ್ಡದು ಅನ್ನುವುದಕ್ಕಿಂತ ಮೊದಲು, ಅದು ಕೊಡುವ ಶಾಖವನ್ನು ಕರಗಿಸೋಕೆ ನಿಮ್ಮ ದೋಣಿಯಲ್ಲಿ ಏನಿದೆ ಅಂತ ನೋಡಿ.

ವೆಬಾಸ್ಟೊ, ಎಬರ್‌ಸ್ಪೇಶರ್ ಕಂಪನಿಗಳ 5 ಕಿಲೋವ್ಯಾಟ್ ಹೀಟರ್‌ಗಳು ಶುರುವಿಗೆ ಪೂರ್ತಿ ಉರಿಯಲ್ಲಿ ಓಡುತ್ತವೆ. ನೀರು 75-80 ಡಿಗ್ರಿ ಹತ್ತಿರ ಬಂದಾಗ ಅರ್ಧ ಉರಿಗೆ ಇಳಿಯುತ್ತವೆ. ಅರ್ಧ ಅಂದರೆ ಸುಮಾರು ಎರಡೂವರೆ ಕಿಲೋವ್ಯಾಟ್. ಅದಕ್ಕಿಂತ ಕೆಳಗೆ ಬಹಳಷ್ಟು ಮಾದರಿಗಳಿಗೆ ಉರಿಯೋಕೆ ಬರುವುದಿಲ್ಲ. ನಿಮ್ಮ ರೇಡಿಯೇಟರ್‌ಗಳೆಲ್ಲ ಸೇರಿ ಅಷ್ಟು ಶಾಖವನ್ನೂ ಹೊರಗೆ ಬಿಡದಿದ್ದರೆ ನೀರು ಇನ್ನೂ ಕಾಯುತ್ತದೆ, ಹೀಟರ್ ಆರುತ್ತದೆ. ಆರಿದ ಮೇಲೆ ನೀರು ತಣ್ಣಗಾಗುತ್ತದೆ, ಮತ್ತೆ ಹೊತ್ತಿಕೊಳ್ಳುತ್ತದೆ. ರಾತ್ರಿಯಿಡೀ ಇದೇ ಆಟ. ಪ್ರತಿ ಸಲ ಹೊತ್ತಿಕೊಳ್ಳುವಾಗ, ಆರುವಾಗ ಡೀಸೆಲ್ ಸರಿಯಾಗಿ ಉರಿಯದೆ ಒಳಗೆ ಮಸಿ ಕೂರುತ್ತದೆ. ಬಚ್ಚಲೊಲೆಗೆ ಹಸಿ ಸೌದೆ ತುರುಕಿದ ಹಾಗೆ. ಒಂದೆರಡು ವರ್ಷ ಹೀಗೆ ಓಡಿಸಿದರೆ ಹೊಗೆ ಕಾರುತ್ತದೆ, ಆಮೇಲೆ ಹೊತ್ತಿಕೊಳ್ಳುವುದೇ ಇಲ್ಲ. ಜನ ಹೀಟರನ್ನು ಬೈಯುತ್ತಾರೆ. ಪಾಪ, ಅದರದ್ದೇನೂ ತಪ್ಪಿರುವುದಿಲ್ಲ.

ಈಗ ಲೆಕ್ಕ ಹಾಕಿ. ಮನೆಗೆ ಹಾಕುವ 600 ಮಿಲಿಮೀಟರ್ ಚೌಕದ ಒಂಟಿ ಪ್ಯಾನಲ್ ರೇಡಿಯೇಟರ್ ಸುಮಾರು 600 ವ್ಯಾಟ್ ಬಿಡುತ್ತದೆ. ಬಾತ್‌ರೂಮಿನ ಟವೆಲ್ ಕಂಬಿ ಇನ್ನೂ ಕಡಿಮೆ. 31 ಅಡಿ ದೋಣಿಯಲ್ಲಿ ಅಂಥ ನಾಲ್ಕು ಪ್ಯಾನಲ್‌ಗೆ ಗೋಡೆ ಎಲ್ಲಿದೆ? ಅದಕ್ಕೇ ಹಾಯಿದೋಣಿಯವರು ಫ್ಯಾನ್ ಇರುವ ಮ್ಯಾಟ್ರಿಕ್ಸ್ ಹಾಕುತ್ತಾರೆ, ಅಂದರೆ ಬಿಸಿನೀರು ಹರಿಯುವ ಪುಟ್ಟ ರೇಡಿಯೇಟರ್ ಮೂಲಕ ಫ್ಯಾನ್ ಗಾಳಿ ಊದುವ ಪೆಟ್ಟಿಗೆ. ಕಾರಿನ ಹೀಟರ್‌ನಲ್ಲಿರುತ್ತದಲ್ಲ, ಅದೇ ಸಾಮಾನು. ಸೀಟಿನ ಕೆಳಗೆ ಕೂರುತ್ತದೆ, ಒಂದೇ ಮ್ಯಾಟ್ರಿಕ್ಸ್ ಎರಡು ಕಿಲೋವ್ಯಾಟ್ ಮೇಲೆ ಬಿಡುತ್ತದೆ. ನಡುಕೋಣೆಗೆ ಒಂದು ಮ್ಯಾಟ್ರಿಕ್ಸ್, ಮುಂದಿನ ಮಲಗುವ ಕೋಣೆಗೆ ಇನ್ನೊಂದು ಸಣ್ಣದು, ಬಾತ್‌ರೂಮಿಗೆ ಟವೆಲ್ ಕಂಬಿ. ಇಷ್ಟಿದ್ದರೆ ಹೀಟರ್ ಅರ್ಧ ಉರಿಯಲ್ಲಿ ಆರಾಮಾಗಿ ಓಡುತ್ತಿರುತ್ತದೆ.

ಒಂದು ಮಾತು. ಎಲ್ಲ ರೇಡಿಯೇಟರ್‌ಗೂ ಥರ್ಮೋಸ್ಟಾಟ್ ವಾಲ್ವ್ ಹಾಕಬೇಡಿ. ಕೋಣೆ ಬೆಚ್ಚಗಾದಾಗ ಎಲ್ಲ ಒಟ್ಟಿಗೇ ಮುಚ್ಚಿಕೊಳ್ಳುತ್ತವೆ, ಹೀಟರ್ ಉಸಿರು ಕಟ್ಟಿ ಆರುತ್ತದೆ. ಟವೆಲ್ ಕಂಬಿ ಯಾವಾಗಲೂ ತೆರೆದೇ ಇರಲಿ.

ನಿವೃತ್ತ ಮರೈನ್ ಎಂಜಿನಿಯರ್, ಮಂಗಳೂರು

ನ್ಯಾರೋಬೋಟಿನ ಮೇಡಂ ಹೇಳಿದ್ದು ಸರಿ ಉಂಟು. ನಾನು ಹಡಗಿನ ಬಾಯ್ಲರ್ ನೋಡಿಕೊಂಡವ, ನಿಮ್ಮದು ಅದರ ಮರಿ. ನೀರಿನ ಭಾಗದ ಬಗ್ಗೆ ಮಾತ್ರ ಬರೆಯುತ್ತೇನೆ ಮಾರಾಯ್ರೆ.

ಇಂಥ ವ್ಯವಸ್ಥೆಯಲ್ಲಿ ಜಾಸ್ತಿ ಕಾಟ ಕೊಡುವುದು ಗಾಳಿ. ದೋಣಿಯ ಒಳಗೆ ಪೈಪ್ ಎಳೆಯುವಾಗ ಬೀರು ದಾಟಿಸಲು ಮೇಲೆ ಹತ್ತಿಸಿ ಕೆಳಗೆ ಇಳಿಸುತ್ತಾರೆ. ಆ ಗುಡ್ಡದ ತಲೆಯಲ್ಲಿ ಗಾಳಿ ಕೂತುಬಿಡುತ್ತದೆ, ಸಣ್ಣ ಪಂಪಿಗೆ ಅದನ್ನು ದೂಡಲು ಆಗುವುದಿಲ್ಲ. ಹೀಟರ್ ಹತ್ತಿರ ಪೈಪ್ ಸುಡುತ್ತದೆ, ಮುಂದಿನ ರೇಡಿಯೇಟರ್ ತಣ್ಣಗೆ. ಹಾಗಾಗಿ ಹೀಟರ್ ಕೆಳಗಿರಲಿ, ಪೈಪ್ ಒಂದೇ ಸಮನೆ ಏರಿಕೊಂಡು ಹೋಗಲಿ. ಏರಿಳಿತ ತಪ್ಪಿಸಲು ಆಗದ ಕಡೆ, ಎತ್ತರದಲ್ಲಿ ಗಾಳಿ ಬಿಡುವ ಸ್ಕ್ರೂ ಇಡಿ. ಅದಕ್ಕೆ ಕೈ ಹೋಗುವ ಹಾಗಿರಬೇಕು. ಮರದ ಪ್ಯಾನೆಲ್ ಹಿಂದೆ ಮುಚ್ಚಿಟ್ಟರೆ ಸುಮ್ನೆ ಇಟ್ಟದ್ದು.

ನೀರು ತುಂಬಿಸುವ ಹೆಡರ್ ಟ್ಯಾಂಕ್ ಎಲ್ಲಕ್ಕಿಂತ ಎತ್ತರದಲ್ಲಿರಲಿ. 15 ಲೀಟರ್ ನೀರು ಕಾದರೆ ಅರ್ಧ ಲೀಟರಿನಷ್ಟು ಹಿಗ್ಗುತ್ತದೆ, ಅಷ್ಟಕ್ಕೆ ಜಾಗ ಬೇಕು. ಬರೀ ನೀರು ಹಾಕಬೇಡಿ. ಅರ್ಧ ನೀರು, ಅರ್ಧ ಆಂಟಿಫ್ರೀಜ್. ಚಳಿಗಾಲಕ್ಕೆ ಹೆಪ್ಪುಗಟ್ಟುವುದಿಲ್ಲ, ಒಳಗೆ ತುಕ್ಕೂ ಹಿಡಿಯುವುದಿಲ್ಲ. ಹೀಟರ್‌ನಿಂದ ಹೊರಡುವ ಮುಖ್ಯ ಪೈಪ್ 22 ಮಿಲಿಮೀಟರ್, ಅಲ್ಲಿಂದ ಕವಲು 15 ಮಿಲಿಮೀಟರ್ ಸಾಕು. ಬೀರುಗಳ ಒಳಗೆ ಹೋಗುವ ಪೈಪಿಗೆ ಫೋಮ್ ಸುತ್ತಬೇಕೇ ಅಂತ ಕೇಳುತ್ತಾರೆ. ಬಟ್ಟೆ ಇಡುವ ಬೀರುವಿನಲ್ಲಿ ಸುತ್ತಬೇಡಿ. ಬರಿ ತಾಮ್ರದ ಪೈಪ್ ಮೀಟರಿಗೆ 50 ವ್ಯಾಟ್ ಸುಮಾರು ಬಿಡುತ್ತದೆ, ಬಟ್ಟೆ ಒಣಗಿರುತ್ತದೆ. ಎಂಜಿನ್ ಕೋಣೆಯಲ್ಲಿ ಮಾತ್ರ ಸುತ್ತಿ.

ಸ್ನಾನದ ನೀರಿಗೆ ಒಳಗೆ ಎರಡು ಕಾಯಿಲ್ (ಸುರುಳಿ ಪೈಪ್) ಇರುವ ಟ್ಯಾಂಕ್ ತಕೊಳ್ಳಿ. ಒಂದು ಕಾಯಿಲ್ ಎಂಜಿನ್ನಿಗೆ, ಇನ್ನೊಂದು ಹೀಟರಿಗೆ. ಎರಡರ ನೀರು ಬೆರೆಯುವುದು ಬೇಡ, ಬೆರೆತರೆ ಹೀಟರ್ ಎಂಜಿನ್ನನ್ನೂ ಸೇರಿಸಿ ಕಾಯಿಸುತ್ತಾ ಕೂರಬೇಕಾಗುತ್ತದೆ. 40 ಲೀಟರ್ ನೀರನ್ನು 10ರಿಂದ 60 ಡಿಗ್ರಿಗೆ ತರಲು ಎರಡೂ ಕಾಲು ಯೂನಿಟ್ ಚಿಲ್ಲರೆ ಶಾಖ ಬೇಕು. 5 ಕಿಲೋವ್ಯಾಟ್ ಹೀಟರ್‌ಗೆ ಅರ್ಧ ಗಂಟೆಯ ಕೆಲಸ, ಡೀಸೆಲ್ ಲೀಟರಿನ ಮೂರನೇ ಒಂದು ಭಾಗದೊಳಗೆ. ನಲ್ಲಿಗೆ ಹೋಗುವ ಮೊದಲು ಬಿಸಿ-ತಣ್ಣೀರು ಬೆರೆಸುವ ಥರ್ಮೋಸ್ಟಾಟ್ ವಾಲ್ವ್ ಬೇಕೇ ಬೇಕು. ಟ್ಯಾಂಕ್ ನೀರು 80 ಡಿಗ್ರಿ ಹತ್ತಿರ ಹೋಗುತ್ತದೆ. ಮಕ್ಕಳು ಮರಿ ಇದ್ದರೆ ಕೈ ಬೆಂದುಹೋದೀತು.

ಫ್ರೀಸ್‌ಲ್ಯಾಂಡ್, ನೆದರ್‌ಲ್ಯಾಂಡ್ಸ್

ನಾನು ಸ್ವಲ್ಪ ಅಡ್ಡ ಮಾತಾಡುತ್ತೇನೆ, ಬೇಜಾರು ಮಾಡ್ಕೋಬೇಡಿ. 31 ಅಡಿಗೆ ಬಿಸಿನೀರಿನ ಪದ್ಧತಿ ಯಾಕೆ ಸರ್? 2 ಕಿಲೋವ್ಯಾಟ್‌ನ ಬಿಸಿಗಾಳಿ ಹೀಟರ್ ಸಾಕು. ನೀರಿಲ್ಲ, ಪಂಪಿಲ್ಲ, ಗಾಳಿ ಬಿಡಿಸುವ ರಗಳೆ ಇಲ್ಲ. ಒಂದು ವಾರಾಂತ್ಯದಲ್ಲಿ ಕೂರಿಸಬಹುದು.

ಇನ್ನೊಂದು. ನಿಮ್ಮ ನಿಜವಾದ ತೊಂದರೆ ಒದ್ದೆ. ಬಿಸಿಗಾಳಿ ಹೀಟರಿಗೆ ಹೊರಗಿನ ಗಾಳಿ ಕೊಟ್ಟರೆ ಒಳಗಿನ ತೇವದ ಗಾಳಿಯನ್ನು ಅದು ಹೊರಕ್ಕೆ ದೂಡುತ್ತದೆ. ರೇಡಿಯೇಟರ್ ಹಾಗಲ್ಲ, ಇದ್ದ ಗಾಳಿಯನ್ನೇ ಬೆಚ್ಚಗೆ ಮಾಡುತ್ತದೆ. ಕಿಂಡಿ ಮುಚ್ಚಿಟ್ಟು ಅಡುಗೆ ಮಾಡಿ ಮಲಗಿದರೆ ಬೆಳಗ್ಗೆ ಕಿಟಕಿ ಮೇಲೆ ಅದೇ ನೀರು. ಏನೇ ಹಾಕಿದರೂ ಡೆಕ್ಕಿನ ಮೇಲಿನ ಗಾಳಿಗಿಂಡಿ ತೆರೆದಿಡಿ, ಹಾಸಿಗೆ ಕೆಳಗೆ ಗಾಳಿಯಾಡುವ ಜಾಲರಿ ಹಾಕಿ.

ಆದರೆ ಒಪ್ಪಿಕೊಳ್ಳಬೇಕು. ಬಿಸಿಗಾಳಿಯಲ್ಲಿ ಫ್ಯಾನಿನ ಸದ್ದು ಜಾಸ್ತಿ, ಗಾಳಿಯ ದಪ್ಪ ಕೊಳವೆಗೆ ಬೀರುಗಳಲ್ಲಿ ಜಾಗ ಹೋಗುತ್ತದೆ, ಸ್ನಾನಕ್ಕೆ ಬಿಸಿನೀರು ಸಿಗಲ್ಲ. ಮನೆಯವರಿಗೆ ಸ್ನಾನ ಮುಖ್ಯ ಅಂದರೆ ನನ್ನ ಮಾತು ಬಿಟ್ಟುಬಿಡಿ.

ಕರೆಂಟ್ ಕೆಲಸದವನು, ಸೌತಾಂಪ್ಟನ್

ದೋಣಿಗಳಲ್ಲಿ ವೈರಿಂಗ್ ಮಾಡಿ ಬದುಕುವವನು ನಾನು. ‘ಹೀಟರ್ ಕೆಟ್ಟಿದೆ ಬನ್ನಿ’ ಅಂತ ಕರೆಯುವ ದೋಣಿಗಳಲ್ಲಿ ಸುಮಾರು ಕಡೆ ಕೆಟ್ಟಿರುವುದು ವೈರ್.

ಹೊತ್ತಿಸಲು ಒಳಗೊಂದು ಗ್ಲೋ ಪಿನ್ ಇರುತ್ತದೆ. ಅದು ಕೆಂಪಗೆ ಕಾಯುವ ಒಂದೆರಡು ನಿಮಿಷ ಹೀಟರ್ ಹತ್ತು ಆಂಪ್ ಸುಮಾರು ಎಳೆಯುತ್ತದೆ. ಓಡಲು ಶುರುವಾದ ಮೇಲೆ ಅಷ್ಟಿಲ್ಲ, ಎರಡು-ಮೂರು ಆಂಪ್. ಬ್ಯಾಟರಿಯಿಂದ ಹೀಟರಿಗೆ 6 ಮೀಟರ್ ಇದೆ ಅಂದ್ಕೊಳ್ಳಿ. ಹೋಗಿ ಬರುವ ವೈರ್ ಸೇರಿ 12 ಮೀಟರ್. ಎರಡೂವರೆ ಚದರ ಮಿಲಿಮೀಟರ್ ವೈರ್ ಹಾಕಿದರೆ ದಾರಿಯಲ್ಲೇ 0.8 ವೋಲ್ಟ್ ಸೋರಿಹೋಗುತ್ತದೆ. ಫ್ಯೂಸು, ಸ್ವಿಚ್ಚು, ತುಕ್ಕು ಹಿಡಿದ ಕನೆಕ್ಟರ್ ಎಲ್ಲ ಸೇರಿ ಇನ್ನೊಂದಿಷ್ಟು. ಸಂಜೆ ಬ್ಯಾಟರಿ 12 ವೋಲ್ಟ್‌ಗೆ ಇಳಿದಿದ್ದರೆ ಹೀಟರಿಗೆ ತಲುಪುವುದು 11ರ ಕೆಳಗೆ. ಹತ್ತೂವರೆಯ ಹತ್ತಿರ ಬಂದರೆ ಅದು ತನ್ನಷ್ಟಕ್ಕೆ ಬಂದ್ ಆಗುತ್ತದೆ. ಬ್ಯಾಟರಿ ಕಡೆ ಮೀಟರ್ ಹಿಡಿದರೆ ಎಲ್ಲ ಸರಿ ಇದ್ದ ಹಾಗೇ ಕಾಣುತ್ತದೆ. ಗ್ಲೋ ಪಿನ್ ಕಾಯುತ್ತಿರುವ ಹೊತ್ತಿಗೆ, ಹೀಟರಿನ ಪ್ಲಗ್ಗಿನಲ್ಲೇ ಅಳೆಯಬೇಕು. 6 ಚದರ ಮಿಲಿಮೀಟರ್ ವೈರ್ ಹಾಕಿ, ಸೋರಿಕೆ 0.35ಕ್ಕೆ ಇಳಿಯುತ್ತದೆ.

ಇನ್ನು ಬ್ಯಾಟರಿ. ಸಂಜೆ ನಾಲ್ಕು ಗಂಟೆ ಹೀಟರ್, ಮ್ಯಾಟ್ರಿಕ್ಸ್ ಫ್ಯಾನ್ ಓಡಿದರೆ 20 ಆಂಪ್-ಅವರ್ ಸುಮಾರು. ನಿಮ್ಮ ಬ್ಯಾಟರಿ ಆರೋಗ್ಯವಾಗಿದ್ದರೆ ಧಾರಾಳ ತಡೆಯುತ್ತದೆ. ಎಂಜಿನ್ ಸ್ಟಾರ್ಟ್ ಮಾಡುವ ಬ್ಯಾಟರಿಗೆ ಮಾತ್ರ ಕೊಡಬೇಡಿ.

ಮತ್ತೆ, ದಯವಿಟ್ಟು ಮೇನ್ ಸ್ವಿಚ್ ತೆಗೆದು ಹೀಟರ್ ಆರಿಸಬೇಡಿ. ಅದರ ಗುಂಡಿ ಒತ್ತಿದ ಮೇಲೂ ಫ್ಯಾನು, ಪಂಪು ಕೆಲವು ನಿಮಿಷ ಓಡಿ ಒಳಗಿನ ಬಿಸಿ ಕಳೆಯುತ್ತವೆ. ಮಧ್ಯದಲ್ಲಿ ಕರೆಂಟ್ ಕಿತ್ತರೆ ಒಳಗೆ ಕುದಿಯುತ್ತದೆ. ದೋಣಿ ಬಿಟ್ಟು ಹೊರಡುವ ಅವಸರದಲ್ಲಿ ಎಲ್ಲರೂ ಮಾಡುವ ಕೆಲಸ ಇದು. ಅದಕ್ಕೇ ನಾನು ಹೀಟರನ್ನು ಮೇನ್ ಸ್ವಿಚ್ಚಿನ ಬ್ಯಾಟರಿ ಕಡೆಗೇ, ಬೇರೆ ಫ್ಯೂಸಿನಲ್ಲಿ ಕೊಡುತ್ತೇನೆ.

ಕೇಳಿದವರು, ಓಬನ್

ಎಲ್ಲರಿಗೂ ಥ್ಯಾಂಕ್ಸ್. ಬಿಸಿಗಾಳಿಯ ಮಾತು ಮನೆಯಲ್ಲಿ ಎತ್ತಿ ನೋಡಿದೆ. ‘ಸ್ನಾನ’ ಅಂತ ಒಂದೇ ಉತ್ತರ ಬಂತು. ಹಾಗಾಗಿ ನೀರಿನದ್ದೇ. ಎರಡು ಮ್ಯಾಟ್ರಿಕ್ಸ್, ಒಂದು ಟವೆಲ್ ಕಂಬಿ, 6 ಚದರ ಮಿಲಿಮೀಟರ್ ವೈರ್ ಬರೆದುಕೊಂಡೆ. ಹೀಟರನ್ನು ಕಾಕ್‌ಪಿಟ್ (ಚುಕ್ಕಾಣಿ ಹಿಡಿದು ಕೂರುವ ತೆರೆದ ಜಾಗ) ಸೀಟಿನ ಕೆಳಗಿನ ಲಾಕರ್‌ನಲ್ಲಿ ಇಡುವ ಯೋಚನೆ. ಹೊಗೆ ಕೊಳವೆಯನ್ನು ಟ್ರಾನ್ಸಮ್‌ನಿಂದ (ದೋಣಿಯ ಹಿಂಬದಿಯ ಗೋಡೆ) ಹೊರಗೆ ಬಿಡಲಾ, ಪಕ್ಕದಿಂದಲಾ? ಡೀಸೆಲನ್ನು ಎಂಜಿನ್ ಲೈನಿನಿಂದಲೇ ಕವಲು ತೆಗೆಯಬಹುದಾ?

ನ್ಯಾರೋಬೋಟ್ ವಾಸಿ, ವಿಲ್ಟ್‌ಶೈರ್

ಡೀಸೆಲ್ ಮೊದಲು: ಕವಲು ಬೇಡ. ಹೀಟರಿಗೆ ಟ್ಯಾಂಕಿನ ಮೇಲಿಂದಲೇ ಬೇರೆ ಕೊಳವೆ ಇಳಿಸಿ. ಅದರ ತುದಿ ಟ್ಯಾಂಕಿನ ತಳ ಮುಟ್ಟದೆ ಸ್ವಲ್ಪ ಮೇಲೇ ನಿಲ್ಲಲಿ. ಆಗ ತಳದ ಕೊಳೆ ಹೀಟರಿಗೆ ಬರಲ್ಲ. ಹೀಟರ್ ಎಷ್ಟು ಕುಡಿದರೂ ಎಂಜಿನ್ನಿಗೆ ಮನೆ ಸೇರುವಷ್ಟು ಡೀಸೆಲ್ ಉಳಿದಿರುತ್ತದೆ. ಟಿಕ್ ಟಿಕ್ ಅನ್ನುವ ಸಣ್ಣ ಡೀಸೆಲ್ ಪಂಪನ್ನು ಟ್ಯಾಂಕಿನ ಹತ್ತಿರ, ಹೊರಬಾಯಿ ಮೇಲಕ್ಕೆ ಓರೆಯಾಗಿರುವಂತೆ, ರಬ್ಬರಿನ ಮೇಲೆ ಕೂರಿಸಿ. ಮಲಗುವ ಕೋಣೆಯ ಗೋಡೆಗೆ ಮಾತ್ರ ಸ್ಕ್ರೂ ಹಾಕಬೇಡಿ. ರಾತ್ರಿಯಿಡೀ ದಿಂಬಿನೊಳಗೆ ಟಿಕ್ ಟಿಕ್.

ಹೊಗೆ ಕೊಳವೆ ವಿಷಯದಲ್ಲಿ ನಾನು ತುಂಬಾ ಕಟ್ಟುನಿಟ್ಟು. ಕಾರಿಗೆ ಬರುವ ಕಿಟ್ಟಿನಲ್ಲಿರುವ ಸೈಲೆನ್ಸರ್ ದೋಣಿಯೊಳಗೆ ಹಾಕಬಾರದು. ಅದರಲ್ಲಿ ನೀರು ಇಳಿಯಲು ತೂತಿರುತ್ತದೆ, ಬೆಸುಗೆಯೂ ಗಾಳಿ ಹೋಗದಷ್ಟು ಬಿಗಿ ಇರಲ್ಲ. ಕಾರಿನ ಹೊರಗೆ ಅಡಿಯಲ್ಲಿದ್ದರೆ ಪರವಾಗಿಲ್ಲ. ನಿಮ್ಮ ಲಾಕರ್‌ನಲ್ಲಿ ಅದೇ ಇದ್ದರೆ ಕಾರ್ಬನ್ ಮೊನಾಕ್ಸೈಡ್ ಅನ್ನುವ ವಿಷಾನಿಲ ಸೀದಾ ಮಲಗುವ ಕೋಣೆಗೆ. ದೋಣಿಗೆಂದೇ ಮಾಡಿದ ಪೂರ್ತಿ ಮುಚ್ಚಿದ ಸೈಲೆನ್ಸರ್, ಸ್ಟೇನ್‌ಲೆಸ್ ಕೊಳವೆ, ಅದರ ಮೇಲೆ ಶಾಖ ತಡೆಯುವ ಹೊದಿಕೆ ಉದ್ದಕ್ಕೂ. ಕೊಳವೆ ನೂರಾರು ಡಿಗ್ರಿ ಕಾಯುತ್ತದೆ, ಲಾಕರ್‌ನಲ್ಲಿ ಹಗ್ಗ, ಹಾಯಿ ತುರುಕುವ ಅಭ್ಯಾಸ ಎಲ್ಲರಿಗೂ ಇರುತ್ತೆ. ಮಧ್ಯೆ ಒಂದು ಹಲಗೆ ಅಡ್ಡ ಹಾಕಿಬಿಡಿ.

ಟ್ರಾನ್ಸಮ್ಮಾ, ಪಕ್ಕವಾ? ಹಾಯಿದೋಣಿ ವಾಲುತ್ತದೆ, ಪಕ್ಕದಲ್ಲಿದ್ದರೆ ಆ ಬದಿ ನೀರಿಗಿಳಿದಾಗ ಕೊಳವೆಗೂ ನೀರು. ಟ್ರಾನ್ಸಮ್ ವಾಸಿ. ಆದರೆ ಹಿಂದಿನಿಂದ ಅಲೆ ಬಂದು ಬಡಿಯುತ್ತದೆ. ಅದಕ್ಕೆ ಕೊಳವೆ ಹೊರಗೆ ಹೋಗುವ ಮುಂಚೆ ಒಳಗೇ ಆದಷ್ಟೂ ಮೇಲಕ್ಕೆ ಬಳಸಿ, ಆಮೇಲೆ ಕೆಳಗಿಳಿದು ಹೊರಬಾಯಿ ಸೇರಲಿ. ಫೈಬರ್ ದೋಣಿಯಾದ್ದರಿಂದ ಹೊರಬಾಯಿಗೆ ಎರಡು ಪದರದ ಫಿಟ್ಟಿಂಗ್ ತಗೊಳ್ಳಿ. ಇಲ್ಲದಿದ್ದರೆ ಸುತ್ತಲಿನ ಜೆಲ್‌ಕೋಟ್ (ಫೈಬರಿನ ಹೊಳಪಿನ ಮೇಲ್ಪದರ) ಹಳದಿಯಾಗುತ್ತದೆ, ಒಳಗಿನ ರೆಸಿನ್ ಅಂಟು ಸುಡುತ್ತದೆ. ಗಾಳಿ ಹಿಂದಿನಿಂದ ಬೀಸಿದರೆ ಹೊಗೆ ಕಾಕ್‌ಪಿಟ್‌ಗೂ ಬರುತ್ತದೆ, ಆಗ ಹಿಂದಿನ ಬಾಗಿಲ ಹಲಗೆ ಮುಚ್ಚಿರಲಿ.

ಕಾರ್ಬನ್ ಮೊನಾಕ್ಸೈಡ್ ಅಲಾರ್ಮ್ ಮಲಗುವ ಕಡೆ ಒಂದು, ನಡುಕೋಣೆಗೆ ಒಂದು. ಮನೆಗೆ ಬಳಸುವುದಲ್ಲ, ಪೆಟ್ಟಿಗೆ ಮೇಲೆ ಇಎನ್ 50291-2 ಅಂತ ಇರಬೇಕು, ಅದು ದೋಣಿ, ಕ್ಯಾರವಾನ್‌ಗಳಿಗೆ ಹೊಂದುವ ದರ್ಜೆ. ನಮ್ಮ ಒಳನಾಡಿನ ಕಾಲುವೆಗಳಲ್ಲಿ 2019ರ ಏಪ್ರಿಲ್‌ನಿಂದ ದೋಣಿ ಸುರಕ್ಷತಾ ತಪಾಸಣೆಯಲ್ಲಿ ಅಲಾರ್ಮ್ ಕಡ್ಡಾಯ. ಸಮುದ್ರದಲ್ಲಿರುವ ನಿಮಗೆ ಆ ತಪಾಸಣೆ ಇಲ್ಲ ಅಂತ ಬಿಡಬೇಡಿ.

ನೀವೇ ಹಾಕಬಹುದಾ ಅಂತ ಕೇಳಿದ್ದಿರಿ. ಪೈಪ್, ರೇಡಿಯೇಟರ್, ವೈರ್ ಎಲ್ಲ ನೀವೇ ಮಾಡಿ. ಹೊಗೆ ಕೊಳವೆ, ಮೊದಲ ಸಲ ಹೊತ್ತಿಸುವುದು, ಇವೆರಡಕ್ಕೆ ಮಾತ್ರ ಕಂಪನಿ ಒಪ್ಪಿದ ಮೆಕ್ಯಾನಿಕ್ ಕರೆಸಿ. ವಾರಂಟಿ ಕಾಗದಕ್ಕೂ, ವಿಮೆಯವರಿಗೂ ಅವರ ಸಹಿ ಬೇಕಾಗಬಹುದು, ಮೊದಲೇ ಕೇಳಿಕೊಳ್ಳಿ.

ನಿವೃತ್ತ ಮರೈನ್ ಎಂಜಿನಿಯರ್, ಮಂಗಳೂರು

ಒಂದು ಬಿಟ್ಟುಹೋಯಿತು. ಬೇಸಿಗೆಯಲ್ಲೂ ತಿಂಗಳಿಗೊಮ್ಮೆ ಹೀಟರ್ ಓಡಿಸಬೇಕು, ಎಲ್ಲ ರೇಡಿಯೇಟರ್ ತೆರೆದು, ಅರ್ಧ ಗಂಟೆ. ಪಂಪು ಹಿಡಿದುಕೊಳ್ಳುವುದಿಲ್ಲ, ಕೊಳವೆಯಲ್ಲಿ ನಿಂತ ಹಳೇ ಡೀಸೆಲ್ ಸುಟ್ಟುಹೋಗುತ್ತದೆ. ಮತ್ತೆ ಮರದ ಪ್ಯಾನೆಲ್ ಮುಚ್ಚುವ ಮೊದಲು ಎರಡು ದಿನ ಓಡಿಸಿ, ಪ್ರತಿ ಜಾಯಿಂಟಿನ ಕೆಳಗೆ ಕಾಗದ ಇಟ್ಟು ನೋಡಿ. ಎಲ್ಲಿ ಒದ್ದೆಯೋ ಅಲ್ಲಿ ಸ್ಪ್ಯಾನರ್ ಹಿಡಿಯಿರಿ.