ಮಕ್ಕಳಿಗೆ ಬಲ, ಚಲನೆ ಮನೆಯಲ್ಲೇ ಮಾಡಿ ತೋರಿಸೋದು ಹೇಗೆ?

ಹಾಸನದ ಅಮ್ಮ:
ಮಗಳು ಏಳನೇ ಕ್ಲಾಸು. ಬಲ ಅಂದರೇನು ಅಂದ್ರೆ ಪುಸ್ತಕದ ಸಾಲನ್ನು ಗಡಗಡ ಒಪ್ಪಿಸುತ್ತಾಳೆ. ಉರುಳಿಸಿದ ಚೆಂಡು ಯಾಕೆ ನಿಂತಿತು ಅಂತ ಕೇಳಿದರೆ ಮಾತ್ರ ‘ಅದರ ಶಕ್ತಿ ಖಾಲಿ ಆಯ್ತು’ ಅನ್ನುತ್ತಾಳೆ. ಅಂಗಡಿಯ ಕಿಟ್‌ ಬೇಡ, ಮನೆ ಸಾಮಾನಲ್ಲೇ ಏನು ಮಾಡಿಸಬಹುದು? ತಮ್ಮ ಮೂರನೇ ಕ್ಲಾಸು, ಅವನೂ ಜೊತೆಗೆ ಕೂರುತ್ತಾನೆ.

ಆಲೂರು ಮೇಷ್ಟ್ರು:
ಮೇಡಂ, ಆ ‘ಖಾಲಿ ಆಯ್ತು’ ಅನ್ನೋ ಮಾತಿನಿಂದಲೇ ಶುರು ಮಾಡಿ, ಬಹಳ ಮಕ್ಕಳು ಹಾಗೇ ಅಂದುಕೊಂಡಿರುತ್ತಾರೆ. ನಾಲ್ಕು ಪುಸ್ತಕ ಪೇರಿಸಿ ಹಲಗೆ ಒರಗಿಸಿ. ಆಟದ ಕಾರನ್ನು ತಳ್ಳದೆ ಮೇಲಿನಿಂದ ಸುಮ್ನೆ ಕೈಬಿಡಲಿ. ಕೆಳಗೆ ಒಮ್ಮೆ ಗೋಣಿಚೀಲ, ಒಮ್ಮೆ ಜಮಖಾನ, ಕೊನೆಗೆ ಬರೀ ನೆಲ. ಬಿಡುವ ಮುಂಚೆ ಎಲ್ಲಿಗೆ ಹೋಗಿ ನಿಲ್ಲುತ್ತೆ ಅಂತ ಇಬ್ಬರೂ ಊಹೆ ಹೇಳಬೇಕು, ಆಮೇಲೆ ಸೀಮೆಸುಣ್ಣದ ಗೆರೆ ಎಳೆದು ಅಳೆಯಬೇಕು. ಕಾರು ಅದೇ, ಎತ್ತರ ಅದೇ, ಬದಲಾಗಿದ್ದು ಏನು ಅಂತ ಕೇಳಿ. ಉತ್ತರ ನೀವು ಹೇಳಲೇಬೇಡಿ! ನೆಲವೇ ತಡೀತಿದೆ ಅಂತ ಅವಳ ಬಾಯಲ್ಲೇ ಬರಲಿ. ಘರ್ಷಣೆ ಅನ್ನೋ ಹೆಸರು ಆಮೇಲೆ ಸಾಕು.

ಮೂಡಿಗೆರೆ ಅತ್ತಿಗೆ:
ಮೇಷ್ಟ್ರು ಹೇಳಿದ್ದು ಸರಿ. ಅದಾದ ಮೇಲೆ ರಾಗಿ ಪ್ರಯೋಗ ಮಾಡಿಸಿ. ಅಡಿ ಸಪಾಟಾಗಿರುವ ಸ್ಟೀಲ್ ಡಬ್ಬಿಗೆ ಅರ್ಧ ಅಕ್ಕಿ ತುಂಬಿ, ಸುತ್ತ ದಾರ ಕಟ್ಟಿ, ದಾರಕ್ಕೆ ರಬ್ಬರ್ ಬ್ಯಾಂಡ್ ಗಂಟು ಹಾಕಿ ಎಳೆಸಿ. ಡಬ್ಬಿ ಅಲುಗುವ ಹೊತ್ತಿಗೆ ರಬ್ಬರ್ ಎಷ್ಟು ಉದ್ದ ಹಿಗ್ಗಿತು ಅಂತ ಸ್ಕೇಲ್ ಹಿಡಿದು ನೋಡಲಿ. ಈಗ ನೆಲದ ಮೇಲೆ ಒಂದು ಹಿಡಿ ರಾಗಿ ಹರಡಿ, ಅದರ ಮೇಲೆ ಡಬ್ಬಿ ಇಟ್ಟು ಮತ್ತೆ ಎಳೆಸಿ. ರಬ್ಬರ್ ಅಷ್ಟು ಹಿಗ್ಗೋದೇ ಇಲ್ಲ, ಕಾಳು ಉರುಳುತ್ತಲ್ವಾ. ಸೈಕಲ್ ಚಕ್ರದ ಬೇರಿಂಗ್‌ನಲ್ಲಿ ಗುಂಡು ಯಾಕಿರುತ್ತೆ ಅಂತ ಅಲ್ಲೇ ಗೊತ್ತಾಗುತ್ತೆ. ಬಲ ಅನ್ನೋದು ಕಣ್ಣಿಗೆ ಕಾಣಲ್ಲ, ಹಿಗ್ಗಿದ ರಬ್ಬರ್ ಕಾಣುತ್ತೆ. ನನಗೆ ಇದೇ ಜಾಸ್ತಿ ಇಷ್ಟ.

ಸಾಲಗಾಮೆ ರಸ್ತೆ:
ಹಾಸನದವರಿಗೆ ಇನ್ನೊಂದು ಒಳ್ಳೇ ಪ್ರಶ್ನೆ ಇದೆ. ನಮ್ಮೂರ ಇಸ್ರೋ ಎಂಸಿಎಫ್‌ನಿಂದ, ಅಂದ್ರೆ ಉಪಗ್ರಹ ನಿಯಂತ್ರಣ ಕೇಂದ್ರದಿಂದ, ನೋಡಿಕೊಳ್ಳುವ ಉಪಗ್ರಹಗಳು ಸುಮಾರು 36,000 ಕಿ.ಮೀ. ಎತ್ತರದಲ್ಲಿ ವರ್ಷಗಟ್ಟಲೆ ಸುತ್ತುತ್ತವೆ, ಸದಾ ಎಂಜಿನ್ ಉರಿಸಿಕೊಂಡು ಅಲ್ಲ. ಅವುಗಳ ‘ಶಕ್ತಿ’ ಯಾಕೆ ಖಾಲಿ ಆಗಲ್ಲ? ಕಾರಿನ ಆಟ ಆದಮೇಲೆ ಕೇಳಿ. ಅಲ್ಲಿ ತಡೆಯೋಕೆ ಗಾಳಿ, ನೆಲ ಇಲ್ಲ ಅಂತ ಅವಳೇ ಹೇಳಬಹುದು. ದಾರಿ ತಪ್ಪದ ಹಾಗೆ ಆಗಾಗ ಥ್ರಸ್ಟರ್ ಅನ್ನೋ ಪುಟ್ಟ ಎಂಜಿನ್ ಉರಿಸುತ್ತಾರೆ, ಅಷ್ಟೇ. ಭೂಮಿಯ ಸೆಳೆತದಿಂದ ಅದು ನೇರ ಹೋಗದೆ ಸುತ್ತುತ್ತೆ ಅನ್ನೋದು ಮುಂದಿನ ಪಾಠ.

ಹಾಸನದ ಅಮ್ಮ:
ತುಂಬಾ ಥ್ಯಾಂಕ್ಸ್. ಮೂರನೇ ಕ್ಲಾಸಿನವನಿಗೆ ಅಳೆಯೋದು ಕಷ್ಟ ಆಗಲ್ವಾ?

ಮೂಡಿಗೆರೆ ಅತ್ತಿಗೆ:
ಅವನು ಗೇಣು ಹಾಕಿ ಅಳೆಯಲಿ ಬಿಡಿ. ಆಟ ಮುಗಿದ ತಕ್ಷಣ ರಾಗಿ ಗುಡಿಸಿಬಿಡಿ, ಮನೆಯಲ್ಲಿ ವಯಸ್ಸಾದವರಿದ್ದರೆ ಕಾಲು ಜಾರುತ್ತೆ.